ಆಲ್ಡರ್ ಹೊಳೆಗೆ ಟ್ರೌಟ್ ಬರುವ ಹೊತ್ತು

ಆಲ್ಡರ್ ಪೊದೆಯೊಳಗೆ ಏನೋ ಸರಸರ ಎಂದಿತು.

"ಏ ಕರಡಿಯಪ್ಪಾ," ಮಾರೆನ್ ಗಟ್ಟಿಯಾಗಿ ಕೂಗಿದಳು. "ನಾನಿಲ್ಲಿದೀನಿ. ಕೆಳಗಡೆ ನಿಂಗೆ ಬೇಕಾದಷ್ಟು ಮೀನಿದೆ. ದಾರಿ ಬಿಡು ಮಾರಾಯ."

ಸೆಪ್ಟೆಂಬರಿನಲ್ಲಿ ಹೊಳೆಗೆ ಹೋಗುವವರೆಲ್ಲ ಹೀಗೆ ಮಾತಾಡಿಕೊಂಡೇ ಹೋಗಬೇಕು. ಸಾಲ್ಮನ್ ಮೀನು ತಿಂದು ಕೊಬ್ಬಿದ ಕರಡಿಗೆ ಬೇರೇನೂ ಕೋಪವಿಲ್ಲ, ಹೇಳದೆ ಕೇಳದೆ ಎದುರಾದರೆ ಮಾತ್ರ ಕೋಪ. ಮಾರೆನ್ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಖಾರದ ಸ್ಪ್ರೇ ಡಬ್ಬಿಯ ಮೇಲೆ ಕೈಯಿಟ್ಟಳು. ಪೊದೆ ಇನ್ನೂ ಅಲುಗಾಡುತ್ತಿತ್ತು.

"ಹೊಟ್ಟೆ ಬಿರಿಯೋ ಹಾಗೆ ತಿಂದಿದ್ರೂ ಆಸೆ ಬಿಡಲ್ಲ ಅಲ್ವಾ ನಿಂಗೆ? ಆ ದಪ್ಪ ಮೈ ಎತ್ಕೊಂಡು ಆಚೆ ನಡಿ!"

"ಅಷ್ಟೇನೂ ದಪ್ಪ ಆಗಿಲ್ಲ," ಎಂದಿತು ಪೊದೆ.

ಆ ದನಿ ಕಿವಿಗೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಆದರೂ ಅದು ಯಾರದೆಂದು ಅವಳು ಯೋಚಿಸಬೇಕಾಗಲಿಲ್ಲ.

ಕೊಂಬೆ ಸರಿಸಿಕೊಂಡು ವೆಂಡೆಲ್ ಹೊರಗೆ ಬಂದ. ಎದೆಯವರೆಗೆ ರಬ್ಬರ್ ಉಡುಪು, ಕೈಯಲ್ಲಿ ಗಾಳದ ಕೋಲು, ನರೆತ ಗಡ್ಡದಲ್ಲಿ ಸಿಕ್ಕಿಕೊಂಡ ಹಳದಿ ಎಲೆ. ಬಂದವನು ನಾಲ್ಕು ಮಾರು ದೂರದಲ್ಲಿ ನಿಂತ. ಮುಂದೆ ಬರಲೋ ಬೇಡವೋ ಎಂಬುದನ್ನು ಅವಳಿಗೇ ಬಿಟ್ಟವನ ಹಾಗೆ.

"ಆ ಡಬ್ಬಿ ಮೇಲಿಂದ ಕೈ ತೆಗೀತೀಯಾ?"

"ಯೋಚ್ನೆ ಮಾಡ್ತಿದೀನಿ."

ಅವನು ಶರಣಾದವನಂತೆ ಟೊಪ್ಪಿಗೆ ತೆಗೆದ. ತಲೆ ನುಣ್ಣಗೆ ಹೊಳೆಯಿತು. ನಗಬಾರದು ಎಂದುಕೊಂಡೇ ಮಾರೆನ್ ನಕ್ಕುಬಿಟ್ಟಳು.

"ಕೂದಲೆಲ್ಲೋ?"

"ಕೋಡಿಯಾಕ್ ದ್ವೀಪದ ಗಾಳಿ ಹೊತ್ಕೊಂಡ್ ಹೋಯ್ತು. ಹೇಳಿಯೂ ಹೋಗ್ಲಿಲ್ಲ."

ನಗು ಬಂದಷ್ಟೇ ಬೇಗ ಹೋಯಿತು. ಹೇಳದೆ ಹೋಗುವುದರ ಬಗ್ಗೆ ವೆಂಡೆಲ್ ತಮಾಷೆ ಮಾಡಬಾರದಿತ್ತು. ಅವಳ ಗಂಡನಾಗಿದ್ದವನು ಒಂದು ಮುಂಜಾನೆ ಚೀಲ ಹೆಗಲಿಗೇರಿಸಿ ಉತ್ತರಕ್ಕೆ ಹೋಗುವ ಹಡಗು ಹತ್ತಿದ್ದ. ಆಮೇಲೆ ವಕೀಲರ ಮೂಲಕ ಬಂದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದ್ದರು. ಅಷ್ಟೇ. ಜಗಳವಾಡಿರಲಿಲ್ಲ. ಜಗಳವಾಡಲು ಮಾತು ಬೇಕು, ಆ ಚಳಿಗಾಲ ಅವರ ಮನೆಯಲ್ಲಿ ಅದೂ ಉಳಿದಿರಲಿಲ್ಲ.

"ಯಾಕೆ ಬಂದೆ?"

"ಟ್ರೌಟ್ ಹಿಡಿಯೋಕೆ."

"ಕೋಡಿಯಾಕಲ್ಲಿ ಮೀನಿಲ್ವಾ?"

"ಮೀನಿದೆ. ಬೈಯೋರಿಲ್ಲ."

"ಶನಿವಾರ ನನ್ನ ಮದುವೆ, ವೆಂಡೆಲ್."

"ಗೊತ್ತು."

"ಹಾರ್ಲನ್ ಜೊತೆ."

"ಅದೂ ಗೊತ್ತು." ಅವನು ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡ. "ಒಳ್ಳೆ ಮನುಷ್ಯ. ನನ್ನ ದೋಣಿ ಇಂಜಿನ್ ಕೆಟ್ಟಾಗಲೆಲ್ಲ ಬೈಕೊಂಡೇ ರಿಪೇರಿ ಮಾಡ್ತಿದ್ದ."

ಅವನನ್ನು ಆಗಲೇ ವಾಪಸು ಕಳಿಸಬೇಕಿತ್ತು. ಟಾಲ್ಬಟ್ ಹಾರ್ಬರ್ ಅಂಗೈಯಗಲದ ಊರು. ಮದುವೆ ಹತ್ತಿರ ಬಂದಿರುವ ಹೆಣ್ಣು ಹಳೆಯ ಗಂಡನ ಜೊತೆ ಹೊಳೆಗಿಳಿದಳೆಂದರೆ ಊರಿನ ಬಾಯಿಗೆ ಕ್ರಿಸ್ಮಸ್‌ವರೆಗೆ ಸಾಕಾಗುವಷ್ಟು ತಿಂಡಿ. ಮಾರೆನ್ ಅದನ್ನೆಲ್ಲ ಯೋಚಿಸಿದಳು. ಯೋಚಿಸಿ, "ಮೊಟ್ಟೆಗುಂಡಿ ತುಳೀಬೇಡ, ನೋಡ್ಕೊಂಡು ಇಳಿ," ಎಂದಷ್ಟೇ ಹೇಳಿ ನೀರಿಗೆ ಕಾಲಿಟ್ಟಳು.

*

ಹೊಳೆ ಆ ವಾರ ತುಂಬಿ ಬಂದಿತ್ತು, ನೀರಿನಿಂದಲ್ಲ, ಮೀನಿನಿಂದ.

ಸಮುದ್ರದಿಂದ ಹತ್ತಿ ಬಂದ ಸಾಲ್ಮನ್‌ಗಳು ಉರುಟುಗಲ್ಲಿನ ಮೇಲೆ ಜೋಡಿ ಜೋಡಿಯಾಗಿ ನಿಂತಿದ್ದವು. ಹೆಣ್ಣು ಮಗ್ಗುಲಾಗಿ ಬಾಲ ಬಡಿದು ಮೊಟ್ಟೆಯಿಡಲು ಕಲ್ಲು ಕೆದರಿ ಗುಂಡಿ ಮಾಡುವುದು, ಗಂಡು ಪಕ್ಕಕ್ಕೆ ಬಂದು ಮೈಯೊರಗಿಸಿ ನಡುಗುವುದು. ಕೆಲವು ಆಗಲೇ ಸತ್ತು ದಡಕ್ಕೆ ಬಿದ್ದಿದ್ದವು. ಅವುಗಳ ವಾಸನೆ ಕಾಡಿನ ಒಳಗಿನವರೆಗೂ ಹಬ್ಬಿತ್ತು. ಸ್ಪ್ರೂಸ್ ಮರದ ತುದಿಯಲ್ಲಿ ಹದ್ದುಗಳು ಹೊಟ್ಟೆ ತುಂಬಿ ತೂಕಡಿಸುತ್ತಿದ್ದವು.

ಮಾರೆನ್ ಬಂದದ್ದು ಸಾಲ್ಮನ್‌ಗಲ್ಲ. ಅವುಗಳ ಬೆನ್ನಿಗೆ ಅವೇ ದಾರಿಯಲ್ಲಿ ಕಡಲಿನಿಂದ ಬರುವ ಟ್ರೌಟ್‌ಗೆ. ತೆಳ್ಳನೆಯ, ಬೆಳ್ಳಿ ಮೈಯ, ಗಂಟಲ ಕೆಳಗೆ ಕುಂಕುಮ ಎಳೆದಂಥ ಗೆರೆಯಿರುವ ಮೀನು. ಸಾಲ್ಮನ್ ಗುಂಡಿಯಿಂದ ಜಾರಿ ತೇಲಿ ಬರುವ ಮೊಟ್ಟೆಗಾಗಿ ಅವು ಒಂದಿಷ್ಟು ಕೆಳಗೆ, ನೀರಿನ ನೆರಳಿನಲ್ಲಿ ಕಾದು ನಿಲ್ಲುತ್ತವೆ.

"ಕರೀದೇ ಊಟಕ್ಕೆ ಬರೋ ನೆಂಟರು ಇವು," ಎಂದ ವೆಂಡೆಲ್.

"ನಿನ್ನ ಹಾಗೆ."

"ನನ್ನ ಕರ್ದಿದಾರೆ," ಎಂದವನು ತುಟಿ ಕಚ್ಚಿಕೊಂಡ.

ನೀರಿನ ಸದ್ದಿನಲ್ಲಿ ಅದು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.

ಅವನು ಅವಳಿಗಿಂತ ಮೇಲೆ, ಹೊಳೆಯ ನಡುವಿನ ಬಂಡೆಯ ಹತ್ತಿರ ಹೋಗಿ ನಿಂತ. ಅವನ ಬೆನ್ನು ಅವಳ ಕಡೆಗಿತ್ತು. ಅಗಲವಾದ ಬೆನ್ನು, ಎಡಗಡೆಗೆ ಚೂರು ವಾಲಿದ ಭುಜ. ಮಾರೆನ್ ದಾರ ಎಳೆದು ಗಾಳ ಬೀಸಲು ಕೈಯೆತ್ತಿದಳು. ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಎತ್ತಿದಳು. ಆಗಲಿಲ್ಲ.

"ವೆಂಡೆಲ್! ಅಲ್ಲಿಂದ ಬಾ. ಇಲ್ಲಿ, ನನ್ನ ಪಕ್ಕ ನಿಂತ್ಕೋ."

ಅವನು ತಿರುಗಿ ಹುಬ್ಬು ಏರಿಸಿದ. ಹಳೆಯ ತುಂಟತನ ಕಣ್ಣಿನಲ್ಲಿ ಒಂದು ಗಳಿಗೆ ಮಿನುಗಿತು. "ಶನಿವಾರ ಮದುವೆ ಇಟ್ಕೊಂಡು ಪಕ್ಕ ಬಾ ಅಂತೀಯಲ್ಲೇ."

"ನೀನು ಅಲ್ಲಿ ನಿಂತು ನನ್ನ ಮೀನು ಓಡಿಸ್ತಿದೀಯ. ಅದಕ್ಕೆ."

ಬಂದು ಪಕ್ಕದಲ್ಲಿ ನಿಂತ. ಪಕ್ಕದಲ್ಲಿ ನಿಂತಾಗ ಮುಖ ಕಾಣುತ್ತಿತ್ತು. ಅವಳಿಗೆ ಉಸಿರು ಬಂತು.

ಅವನು ಕೊಕ್ಕೆಗೆ ಸುತ್ತಿದ್ದ ಹುಸಿಮೊಟ್ಟೆಯನ್ನು ದಾರಕ್ಕೆ ಕಟ್ಟಲು ಒದ್ದಾಡುತ್ತಿದ್ದ. ಕಿತ್ತಳೆ ಬಣ್ಣದ ಉಲ್ಲನ್ನಿನ ಪುಟ್ಟ ಉಂಡೆ, ಮೆಣಸಿನಕಾಳಿಗಿಂತ ಚೂರು ದೊಡ್ಡದು. ಅದನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಆಕಾಶಕ್ಕೆ ಹಿಡಿದ.

"ಕನ್ನಡಕ ಎಲ್ಲಿ?"

"ಕನ್ನಡಕ ಯಾಕೆ? ಚೆನ್ನಾಗೇ ಕಾಣುತ್ತೆ."

"ಕೊಡಿಲ್ಲಿ, ಮುದುಕಪ್ಪ."

ಅವಳು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಕೊಕ್ಕೆಯ ಕಣ್ಣಿಗೆ ಪೋಣಿಸಿದಳು. ಗಂಟು ಬಿಗಿಯಲು ಅವನು ದಾರದ ಇನ್ನೊಂದು ಕಡೆ ಹಿಡಿದುಕೊಂಡ. ಇಬ್ಬರ ತಲೆಗಳೂ ಆ ಪುಟ್ಟ ಉಂಡೆಯ ಮೇಲೆ ಬಾಗಿದ್ದವು. ಅವನ ಉಸಿರು ಅವಳ ಹಣೆಯ ಕೂದಲನ್ನು ಅಲುಗಾಡಿಸಿತು. ಡೀಸೆಲ್ ಮತ್ತು ಸಾಬೂನಿನ ಅದೇ ವಾಸನೆ. ಅವಳು ಗಂಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಗಿದಳು. ಅವನು ಸಾಕು ಎನ್ನಲಿಲ್ಲ.







ಅವಳ ಗಾಳಕ್ಕೆ ಮೀನು ಮೊದಲು ಬಿತ್ತು. ದಾರ ನೀರಿನ ಜೊತೆ ತೇಲುತ್ತಿದ್ದದ್ದು ಗಕ್ಕನೆ ನಿಂತಿತು. ಅವಳು ಕೋಲೆತ್ತಿದಳು, ಬೆಳ್ಳಿ ಮೈಯೊಂದು ನೀರಿನಿಂದ ಹಾರಿ ಮತ್ತೆ ನೀರು ಸೀಳಿಕೊಂಡು ಬಿತ್ತು. ರೀಲು ಕಿರುಚಿತು.

"ಬಿಡು, ಬಿಡು, ಓಡೋಕೆ ಬಿಡು!" ವೆಂಡೆಲ್ ಕೂಗಿದ.

"ನಂಗೆ ಹೇಳ್ಕೊಡಬೇಡ!"

"ಹಾಗಿದ್ರೆ ಕೋಲು ಮೇಲೆತ್ತೇ!"

"ಎತ್ತಿದೀನಿ ಕಣೋ!"

ಅವನು ಮೊಣಕಾಲೂರಿ ಬಲೆ ಹಿಡಿದ. ಬಲೆಯೊಳಗೆ ಟ್ರೌಟ್ ಬಿಲ್ಲಿನಂತೆ ಬಾಗಿ ಕೊಸರಾಡಿತು. ಹಿಡಿದದ್ದನ್ನು ನೀರಿಗೇ ಬಿಡಲು ಕೊಕ್ಕೆ ಬಿಡಿಸುವಾಗ ಇಬ್ಬರ ತಣ್ಣನೆಯ ಬೆರಳುಗಳೂ ಮೀನಿನ ಹೊಟ್ಟೆಯ ಕೆಳಗೆ ಸೇರಿದವು. ಇಬ್ಬರೂ ಹಿಂದೆಗೆಯಲಿಲ್ಲ. ಮೀನು ಕಿವಿರು ತೆರೆದು ಮುಚ್ಚಿ, ಒಂದಿಷ್ಟು ಸುಧಾರಿಸಿಕೊಂಡು, ಅವರ ಕೈಗಳ ನಡುವಿನಿಂದ ಜಾರಿ ಹೋಯಿತು. ಕೈಗಳು ನೀರಿನೊಳಗೆ ಹಾಗೆಯೇ ಉಳಿದವು.

ಮೊದಲು ಕೈ ತೆಗೆದವಳು ಮಾರೆನ್.

*

ಮಧ್ಯಾಹ್ನ ಒಣ ಮರಳಿನ ಮೇಲೆ ಕೂತರು. ಮಾರೆನ್ ಚೀಲ ಬಿಚ್ಚಿದಳು. ಹೊಗೆಯಲ್ಲಿ ಒಣಗಿಸಿದ ಸಾಲ್ಮನ್, ಹಡಗಿನವರು ತಿನ್ನುವ ದಪ್ಪ ಗಟ್ಟಿ ಬಿಸ್ಕತ್ತು, ಹಾರ್ಲನ್ ಬೆಳಿಗ್ಗೆ ತುಂಬಿಸಿಕೊಟ್ಟ ಕಾಫಿಯ ಫ್ಲಾಸ್ಕು. ಫ್ಲಾಸ್ಕಿನ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಲೋಟ. ಬಟ್ಟೆ ಬಿಡಿಸಿದರೆ ಎರಡು ಲೋಟ.

ಅವಳು ಎರಡನ್ನೂ ಮರಳಿನ ಮೇಲಿಟ್ಟು ನೋಡಿದಳು. ಹಾರ್ಲನ್ ದೋಣಿ ಇಂಜಿನ್ನಿನ ಒಂದು ಬೋಲ್ಟ್ ಕೂಡ ಹೆಚ್ಚಿಗೆ ಎತ್ತಿಕೊಳ್ಳದ ಮನುಷ್ಯ. ಮರೆತು ಇಡುವವನಲ್ಲ.

"ವೆಂಡೆಲ್. ನಾನಿಲ್ಲಿರ್ತೀನಿ ಅಂತ ನಿಂಗೆ ಯಾರು ಹೇಳಿದ್ರು?"

ಅವನು ಬಿಸ್ಕತ್ತು ಮುರಿಯುತ್ತ ಕೂತ. ತಿನ್ನಲಿಲ್ಲ. "ಫೋನ್ ಮಾಡಿದ್ದ."

"ಯಾರು?"

"ನಿನ್ನ ಮದುವೆ ಗಂಡು."

ಮಾರೆನ್‌ಗೆ ಕಿವಿಯವರೆಗೂ ಬಿಸಿಯೇರಿತು. "ನನ್ನ ಬೆನ್ನ ಹಿಂದೆ ನೀವಿಬ್ಬರು ಗಂಡಸರು ಕೂತು ಮಾತಾಡಿ..."

"ಬೈ. ಮೊದಲು ಕೇಳು, ಆಮೇಲೆ ಬೈ." ಅವನು ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟ. "ಹತ್ತು ಸಲ ಕೆಮ್ಮಿ ಶುರು ಮಾಡಿದ. ನಿಂಗೆ ನಿದ್ದೆ ಇಲ್ವಂತೆ. ರಾತ್ರಿ ಯಾರಿಗೋ 'ಮುಂದೆ ನೋಡು, ಮುಂದೆ ನೋಡು' ಅಂತೀಯಂತೆ. ಎಬ್ಬಿಸಿ ಕೇಳಿದ್ರೆ ಏನೂ ಇಲ್ಲ ಅಂತೀಯಂತೆ. 'ಅವಳು ಮಾತಾಡ್ತಿರೋದು ನನ್ನ ಹತ್ರ ಅಲ್ಲ ವೆಂಡೆಲ್, ನಿನ್ನ ಹತ್ರ. ಬಂದು ಅದೇನು ಕೇಳ್ಕೊಂಡು ಹೋಗು. ಆಮೇಲೂ ಅವಳಿಗೆ ನಾನು ಬೇಕು ಅನ್ಸಿದ್ರೆ ಮದುವೆ ಆಗ್ತೀನಿ' ಅಂದ."

ಹೊಳೆಯಲ್ಲಿ ಒಂದು ಸಾಲ್ಮನ್ ಬಾಲ ಬಡಿಯಿತು.

"ಲಿನ್ನಿ ವಿಷ್ಯ," ಎಂದ ವೆಂಡೆಲ್. "ಅಲ್ವಾ?"

ಆ ಹೆಸರು ಅವನ ಬಾಯಿಂದ ಬಂತು. ಮಗಳು ಹೋದ ಮೇಲೆ ಅವರಿಬ್ಬರೂ ಒಬ್ಬರ ಎದುರು ಒಬ್ಬರು ಆ ಹೆಸರೆತ್ತಿದ್ದೇ ಇಲ್ಲ.

ಲಿನ್ನಿಗೆ, ಅವರ ಲಿನೇಯಾಗೆ, ಆಗ ಎಂಟು ವರ್ಷ. ಬೆಳಿಗ್ಗೆ ಜ್ವರ ಎಂದಳು. ಮಧ್ಯಾಹ್ನದ ಹೊತ್ತಿಗೆ ಕತ್ತು ಬಾಗಿಸಲಾರದೆ ಬೆಳಕು ಬೇಡ ಎಂದು ಅತ್ತಳು. ರೇಡಿಯೊದಲ್ಲಿ ಸಿಕ್ಕ ಡಾಕ್ಟರು ಕೂಡಲೇ ಕೆಚಿಕಾನ್ ಆಸ್ಪತ್ರೆಗೆ ಕರೆತನ್ನಿ ಎಂದರು. ಮಂಜು ನೀರಿನವರೆಗೆ ಇಳಿದಿತ್ತು, ವಿಮಾನ ಏಳುವ ಹಾಗಿರಲಿಲ್ಲ. ವೆಂಡೆಲ್ ತನ್ನ ಮೀನಿನ ದೋಣಿ ಬಿಚ್ಚಿದ. ಅವನು ಚುಕ್ಕಾಣಿ ಹಿಡಿದು ಮುಂದೆ ನಿಂತ. ಮಾರೆನ್ ಹಿಂದಿನ ಬೆಂಚಿನಲ್ಲಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಹಾಕಿಕೊಂಡು ಕೂತಳು. ಮಂಜಿನಲ್ಲಿ ತೇಲುವ ಮರದ ದಿಮ್ಮಿಗಳು. ಒಂದು ಬಡಿದರೆ ಮೂವರೂ ನೀರು ಪಾಲು. ಅವನು ಕಣ್ಣು ಆಚೀಚೆ ಮಾಡುವ ಹಾಗಿರಲಿಲ್ಲ. ಮಾರೆನ್‌ಗೆ ದಾರಿಯುದ್ದಕ್ಕೂ ಕಂಡದ್ದು ಅವನ ಬೆನ್ನು.

"ನಾನು ನಿಂಗೆ ಸುಳ್ಳು ಹೇಳಿದೆ," ಎಂದಳು ಮಾರೆನ್. ಕಲ್ಲಿನ ಹತ್ತಿರ ಮಾತಾಡಿದಂತೆ, ಮರಳನ್ನು ನೋಡುತ್ತ. "ನೀನು ಹೇಗಿದಾಳೆ ಅಂತ ಕೇಳಿದೆ. ನಾನು 'ಮಲಗಿದಾಳೆ, ನೀನು ಮುಂದೆ ನೋಡು' ಅಂದೆ. ಅವಳು ಮಲಗಿರ್ಲಿಲ್ಲ ವೆಂಡೆಲ್. ಅವಳು ಆಗಲೇ... ಆ ದೀಪಸ್ತಂಭದ ಬಂಡೆ ದಾಟೋಕೂ ಮುಂಚೆ. ನಾನು ಹೇಳಿದ್ರೆ ನೀನು ಚುಕ್ಕಾಣಿ ಬಿಟ್ಬಿಡ್ತೀಯ ಅಂತ ಹೆದರಿಕೆ ಆಯ್ತು. ಇನ್ನೊಂದ್ ಕಡೆ, ಹೇಳದೇ ಇದ್ರೆ ಅದು ಆಗೇ ಇಲ್ಲ ಅಂತಲೂ ಅನ್ಸ್ತು. ದಡದವರೆಗೂ ಹಾಗೇ ಹಿಡ್ಕೊಂಡಿದ್ದೆ. ನೀನು ಓಡ್ಬಂದು ಅವಳನ್ನ ಎತ್ಕೊಂಡಾಗ ನಿನ್ನ ಮುಖ..." ಅವಳು ಒಂದು ಹಿಡಿ ಮರಳು ತೆಗೆದು ಬಿಗಿಹಿಡಿದಳು. "ಆಮೇಲೆ ನೀನು ನನ್ನ ಮುಖ ನೋಡೋದನ್ನೇ ಬಿಟ್ಟೆ. ನಾನು ಹೇಳಿದ ಸುಳ್ಳನ್ನ ನಿಂಗೆ ಕ್ಷಮಿಸೋಕಾಗ್ಲಿಲ್ಲ, ಅದಕ್ಕೇ ಹೋದೆ ಅಂದ್ಕೊಂಡೆ."

ವೆಂಡೆಲ್ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಂಗೆ ಗೊತ್ತಿತ್ತು," ಎಂದ.

"ಏನು?"

"ಅವಳು ಹೋಗಿದ್ದು. ನಿನ್ನ ದನಿಯಲ್ಲೇ ಗೊತ್ತಾಯ್ತು. ಅಲ್ಲಿವರೆಗೂ ಅವಳ ಹತ್ರ ಒಂದೇ ಸಮ ಮಾತಾಡ್ತಿದ್ದೆ ನೀನು. ಕಣ್ ಬಿಡು, ಬಂತು ಊರು, ಐಸ್‌ಕ್ರೀಮ್ ಕೊಡಿಸ್ತೀನಿ ಅಂತ. ಮಲಗಿದಾಳೆ ಅಂದ ಮೇಲೆ ಸುಮ್ನಾದೆ." ಅವನು ಅವಳ ಕಡೆ ತಿರುಗಿದ. "ಜ್ಞಾಪಿಸ್ಕೋ ಮಾರೆನ್. ಅದಕ್ಕೆ ಮುಂಚೆ ನಾನು ಘಳಿಗೆಗೊಂದ್ಸಲ ಕೇಳ್ತಿದ್ದೆ, ಹೇಗಿದಾಳೆ, ಹೇಗಿದಾಳೆ ಅಂತ. ಆಮೇಲೆ ಒಂದ್ಸಲನಾದ್ರೂ ಕೇಳಿದ್ನಾ?"

ಕೇಳಿರಲಿಲ್ಲ.

ಇಷ್ಟು ವರ್ಷ ಆ ದೋಣಿಯೊಳಗೆ ಮತ್ತೆ ಮತ್ತೆ ಹೋಗಿ ಕೂತಿದ್ದ ಮಾರೆನ್, ಅದೊಂದನ್ನು ಗಮನಿಸಿರಲೇ ಇಲ್ಲ. ಮಂಜು ನೆನಪಿತ್ತು, ಇಂಜಿನ್ನಿನ ಸದ್ದು ನೆನಪಿತ್ತು, ಕಂಬಳಿಯ ಅಂಚಿನ ನೀಲಿ ಹೊಲಿಗೆ ನೆನಪಿತ್ತು. ಅವನು ಕೇಳುವುದನ್ನು ನಿಲ್ಲಿಸಿದ್ದು ನೆನಪಿರಲಿಲ್ಲ.

"ಮತ್ಯಾಕೆ ಅಷ್ಟು ಜೋರಾಗಿ ಓಡಿಸಿದೆ?"

"ನಿಧಾನ ಮಾಡಿದ್ರೆ ನಿಂಗೆ ತಿಳಿದುಬಿಡ್ತಿತ್ತು, ನಂಗೂ ಗೊತ್ತಾಗಿದೆ ಅಂತ. ತಿರುಗಿ ನೋಡಿದ್ರೆ ನಿಜ ಆಗ್ಬಿಡ್ತಿತ್ತು. ನೋಡ್ಲಿಲ್ಲ." ಅವನು ಟೊಪ್ಪಿಗೆಯ ಅಂಚನ್ನು ಹಿಂಡಿದ. "ನೀನು ಸುಳ್ಳು ಹೇಳಿದ್ದಕ್ಕಲ್ಲ ಕಣೇ ನಾನು ಹೋಗಿದ್ದು. ಅಷ್ಟು ದೂರ, ಆ ಮಂಜಲ್ಲಿ, ಅವಳನ್ನ ಮಡಿಲಲ್ಲಿಟ್ಕೊಂಡು ನೀನೊಬ್ಬಳೇ ಕೂತಿದ್ದೆ. ಗೊತ್ತಿದ್ದೂ ನಾನು ತಿರುಗ್ಲಿಲ್ಲ. ಒಂದು ಕೈ ಹಿಂದೆ ಚಾಚ್ಲಿಲ್ಲ. ಯಾವ ಮುಖ ಇಟ್ಕೊಂಡು ನಿನ್ನ ಮುಖ ನೋಡ್ಲಿ?"

ಮಾರೆನ್ ಎದ್ದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎರಡು ಹೆಜ್ಜೆ ಇಟ್ಟು ನಿಂತಳು. ಆಮೇಲೆ ತಿರುಗಿ ಬಂದು, ಅವನ ಎದುರು ಮರಳಿನಲ್ಲಿ ಕುಸಿದು ಕೂತು, ಅವನ ಆ ನುಣ್ಣನೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಭುಜಕ್ಕೆ ಒತ್ತಿಕೊಂಡಳು.

ಮಗಳಿಗಾಗಿ ಅವರಿಬ್ಬರೂ ಬೇರೆ ಬೇರೆ ಅತ್ತಿದ್ದರು. ಅವಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಅವನು ಇಂಜಿನ್ ಕೋಣೆಯ ಸದ್ದಿನಲ್ಲಿ. ಒಟ್ಟಿಗೆ ಅತ್ತದ್ದು ಅಂದೇ ಮೊದಲು. ಹೊಳೆ ಅವರ ದನಿಯನ್ನು ಮುಚ್ಚಿಕೊಂಡು ಹರಿಯಿತು.

*

ಅತ್ತು ಮುಗಿದ ಮೇಲೆ ಕಾಫಿ ಕುಡಿದರು. ಎರಡು ಲೋಟದಲ್ಲಿ.

"ಅವಳಿದ್ದಿದ್ರೆ ಈಗ ಹತ್ತೊಂಬತ್ತು," ಎಂದ ವೆಂಡೆಲ್.

"ನಿನ್ನ ತಲೆ ನೋಡಿ ಬಿದ್ದು ಬಿದ್ದು ನಗ್ತಿದ್ಲು."

"ಅದರ ಮೇಲೊಂದು ಪದ ಕಟ್ಟಿ ಹಾಡ್ತಿದ್ಲು."

"ನಿಜ. ಕೆಟ್ಟ ಪದ."

ಇಬ್ಬರೂ ನಕ್ಕರು. ಕೆಂಪಾದ ಕಣ್ಣುಗಳಲ್ಲಿ ಆ ನಗು ಎಷ್ಟು ಹಳೆಯದಾಗಿತ್ತೆಂದರೆ, ಮಾರೆನ್‌ಗೆ ಅವನ ಗಡ್ಡದ ಆ ಹಳದಿ ಎಲೆಯನ್ನು ತೆಗೆಯದೆ ಇರಲಾಗಲಿಲ್ಲ. ತೆಗೆದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡ.

"ಮಾರೆನ್. ನಾನು ಇದನ್ನ ಹೇಳ್ಬಾರ್ದು."

"ಹಾಗಿದ್ರೆ ಹೇಳ್ಬೇಡ."

"ಒಂದು ದಿನವೂ ಬಿಟ್ಟಿಲ್ಲ ಕಣೇ ನಿನ್ನ. ಬರೀ ಊರು ಬಿಟ್ಟೆ, ಅಷ್ಟೇ."

ಅವಳು ಕಣ್ಣು ಮುಚ್ಚಿದಳು. "ಗೊತ್ತು."

"ನೀನು?"

"ನಿಂಗೂ ಗೊತ್ತು."

"ಹಾಗಿದ್ರೆ ಬಾ ನನ್ನ ಜೊತೆ. ಇಲ್ಲ ನಾನೇ ಇಲ್ಲಿರ್ತೀನಿ. ಹಾರ್ಲನ್ ಕಾಲಿಗೆ ಬೀಳ್ತೀನಿ ಬೇಕಾದ್ರೆ. ಅವನು ಅರ್ಥ ಮಾಡ್ಕೊಳ್ತಾನೆ."

"ಮಾಡ್ಕೊಳ್ತಾನೆ. ಅದೇ ಕಷ್ಟ." ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಬಿಸಿಲು ಸ್ಪ್ರೂಸ್ ಮರಗಳ ಹಿಂದೆ ಸರಿಯುತ್ತಿತ್ತು. ಅವಳು ಮಾತುಗಳನ್ನು ಒಂದೊಂದಾಗಿ ಹುಡುಕಿ ಹೇಳಿದಳು. "ಬೆಳಿಗ್ಗೆ ನಿನ್ನನ್ನ ಪಕ್ಕಕ್ಕೆ ಕರ್ದೆ, ಗೊತ್ತಾ ಯಾಕೆ? ನೀನು ಮೇಲೆ ನಿಂತಾಗ ನಿನ್ನ ಬೆನ್ನು ಕಾಣ್ತಿತ್ತು. ಬೆನ್ನು ಕಂಡಿದ್ದೇ ತಡ, ನಾನು ಆ ದೋಣೀಲಿದ್ದೆ. ಮಡಿಲು ಭಾರ ಆಯ್ತು. ಒಂದೇ ಮನೇಲಿ ಇದ್ರೆ ನೀನು ದಿನಕ್ಕೆ ಎಷ್ಟು ಸಲ ನಂಗೆ ಬೆನ್ನು ತಿರುಗಿಸ್ತೀಯ ವೆಂಡೆಲ್? ಒಲೆ ಮುಂದೆ, ಬಾಗಿಲ ಹತ್ರ, ಹಾಸಿಗೇಲಿ."

ಅವನು ಮರಳಿನ ಮೇಲಿದ್ದ ಬಿಸ್ಕತ್ತಿನ ಚೂರನ್ನು ಎತ್ತಿ ಹೊಳೆಗೆಸೆದ.

"ನಿಂಗೆ ಹಾಗಾಗಲ್ವಾ?"

"ನೀನು ಸುಮ್ನಾದಾಗ," ಎಂದ ಅವನು ಕೊನೆಗೆ. "ಮಾತಾಡ್ತಾ ಆಡ್ತಾ ನೀನು ಸುಮ್ನಾಗ್ತೀಯಲ್ಲ. ಆಗ ನನ್ನ ಕೈ ಚುಕ್ಕಾಣಿ ಮೇಲಿರುತ್ತೆ."

"ಹಾರ್ಲನ್ ಜೊತೆ ಕೂತ್ರೆ, ನಾಳೆ ತಿಂಡಿಗೆ ಏನು ಮಾಡೋದು ಅಂತ ಯೋಚ್ನೆ ಬರುತ್ತೆ. ನಿನ್ನ ಜೊತೆ ಕೂತ್ರೆ ನಂಗೆ ನಾಳೆ ಅನ್ನೋದೇ ಹೊಳೆಯಲ್ಲ. ನಿನ್ನಷ್ಟು ಅವನನ್ನ ಪ್ರೀತಿಸ್ತೀನಾ ಅಂತ ಕೇಳ್ಬೇಡ. ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ ನಂಗೆ, ಇವತ್ತಿನ ಮೇಲೆ."

ವೆಂಡೆಲ್ ಅವಳ ಅಂಗೈಯನ್ನು ತಿರುಗಿಸಿ, ದಾರ ಕೊಯ್ದಿದ್ದ ಕೆಂಪು ಗೆರೆಯ ಮೇಲೆ ತುಟಿಯಿಟ್ಟ. ಬಹಳ ಹೊತ್ತು ಹಾಗೆಯೇ ಇಟ್ಟಿದ್ದ. ಆಮೇಲೆ ಅವಳ ಕೈಯನ್ನು ಅವಳ ಮಡಿಲಿಗೇ ಮರಳಿಸಿದ.

*

ಸಂಜೆ ಮನೆಗೆ ಬಂದಾಗ ಹಾರ್ಲನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದ. ದೊಡ್ಡ ಪಾತ್ರೆಯ ತುಂಬ ಸುಲಿದ ಆಲೂಗಡ್ಡೆ, ಇಡೀ ಹಡಗಿನ ಜನರಿಗೆ ಸಾಕಾಗುವಷ್ಟು. ಅವನು ತಲೆ ಎತ್ತಲಿಲ್ಲ.

"ಕಾಫಿ ಬಿಸಿ ಇತ್ತಾ?"

"ಇತ್ತು."

"ಒಳ್ಳೇದಾಯ್ತು." ಮತ್ತೊಂದು ಆಲೂಗಡ್ಡೆ ಎತ್ತಿಕೊಂಡ. "ಬೈಯೋದಿದ್ರೆ ಈಗಲೇ ಬೈದ್ಬಿಡು. ಮಧ್ಯಾಹ್ನದಿಂದ ಕಾಯ್ತಿದೀನಿ."

"ಇಷ್ಟು ಯಾಕೆ ಸುಲಿದಿದೀಯ?"

"ಎಷ್ಟು ಜನಕ್ಕೆ ಅಂತ ಗೊತ್ತಾಗ್ಲಿಲ್ಲ," ಎಂದ ಹಾರ್ಲನ್. "ಒಬ್ನಿಗೋ, ಇಬ್ಬರಿಗೋ. ಅದಕ್ಕೆ ಸುಲೀತಾನೇ ಇದೀನಿ."

ಮಾರೆನ್ ಅವನ ಕೈಯಿಂದ ಚಾಕು ತೆಗೆದುಕೊಂಡಳು. ಅವನ ಎದುರಿಗೆ ಕುರ್ಚಿ ಎಳೆದು ಕೂತಳು.

"ಇಬ್ಬರಿಗೆ," ಎಂದಳು. "ಆದ್ರೆ ಮೊದಲು ನಿಂಗೊಂದು ದೋಣಿ ವಿಷ್ಯ ಹೇಳ್ಬೇಕು. ಪೂರ್ತಿ ಕೇಳ್ಬೇಕು ನೀನು. ಮಧ್ಯದಲ್ಲಿ ಸಮಾಧಾನ ಮಾಡ್ಬಾರ್ದು."

ಹಾರ್ಲನ್ ಮೊದಲ ಬಾರಿ ತಲೆಯೆತ್ತಿ ಅವಳನ್ನು ನೋಡಿದ. "ಕೇಳ್ತೀನಿ," ಎಂದ.

ಅವಳು ಹೇಳಿದಳು. ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿತು. ಅವನು ಎದ್ದು ಹೋಗಲಿಲ್ಲ.

*

ಮರುದಿನ ಬೆಳಿಗ್ಗೆ ಮೋಡ ಸ್ವಲ್ಪ ಮೇಲೆದ್ದಿತ್ತು. ವೆಂಡೆಲ್ ಮತ್ತು ಮಾರೆನ್ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದರು. ಮಗಳ ಕಲ್ಲಿನ ಮೇಲೆ ಪಾಚಿ ಹತ್ತಿತ್ತು. ಇಬ್ಬರೂ ಎರಡು ಪಕ್ಕದಲ್ಲಿ ಕೂತು ಉಗುರಿನಿಂದ ಕೆರೆದು ಅಕ್ಷರಗಳನ್ನು ಬಿಡಿಸಿದರು. ಏಳುವಾಗ ಅವನ ಮೊಣಕಾಲು ಹಿಡಿದುಕೊಂಡಿತು, ಅವಳು ಕೈ ಕೊಟ್ಟಳು. ಗುಡ್ಡ ಇಳಿಯುವವರೆಗೂ ಆ ಕೈಯನ್ನು ಇಬ್ಬರೂ ಬಿಡಲಿಲ್ಲ. ಊರಿನ ಮೊದಲ ಮನೆ ಕಾಣಿಸಿದಾಗ ಬಿಟ್ಟರು.

ದೋಣಿ ಕಟ್ಟುವ ಜೆಟ್ಟಿಯ ತುದಿಯಲ್ಲಿ ನೀರಿನ ಮೇಲಿಳಿಯುವ ಪುಟ್ಟ ವಿಮಾನ ತೂಗಾಡುತ್ತಿತ್ತು. ಹಾರ್ಲನ್ ತನ್ನ ಟ್ರಕ್ಕಿನಿಂದ ಇಳಿದು ಬಂದು, ಒಂದು ರಟ್ಟಿನ ಡಬ್ಬಿಯನ್ನು ವೆಂಡೆಲ್ ಕೈಗಿಟ್ಟ.

"ಹೊಗೆ ಹಾಕಿದ ಮೀನು. ಕೋಡಿಯಾಕಲ್ಲಿ ಇಷ್ಟು ಚೆನ್ನಾಗಿ ಮಾಡಲ್ಲ."

"ಕೋಡಿಯಾಕಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ."

"ಹಾಗಿದ್ರೆ ವಾಪಸ್ ಕೊಡು."

"ಕೊಡಲ್ಲ," ಎಂದ ವೆಂಡೆಲ್. ಇಬ್ಬರೂ ಕೈ ಕುಲುಕಿದರು. ಏನೋ ಹೇಳಲು ಹೊರಟು ಇಬ್ಬರೂ ಕೆಮ್ಮಿದರು. ಆಮೇಲೆ ಹಾರ್ಲನ್ ಟ್ರಕ್ಕಿನ ಹತ್ತಿರ ಹೋಗಿ, ಬೇಕೆಂದೇ ಗುಡ್ಡದ ಕಡೆ ಮುಖ ಮಾಡಿ ನಿಂತುಕೊಂಡ.

ಪೈಲಟ್ ರೆಕ್ಕೆಯ ಕೆಳಗಿನಿಂದ ಕೂಗಿದ: "ಮೋಡ ಮತ್ತೆ ಇಳೀತಿದೆ! ಬೇಗ ಹತ್ತಿ!"

ವೆಂಡೆಲ್ ಚೀಲ ಹೆಗಲಿಗೇರಿಸಿಕೊಂಡ. ಹಿಂದೆ ಸರಿಯುತ್ತ ಸರಿಯುತ್ತಲೇ ಹಲಗೆಯ ತುದಿಗೆ ಹೋದ. ಅವಳಿಗೆ ಬೆನ್ನು ತೋರಿಸಬಾರದೆಂದು ಅವನು ಹಾಗೆ ನಡೆಯುತ್ತಿದ್ದಾನೆಂದು ಮಾರೆನ್‌ಗೆ ಅರ್ಥವಾದಾಗ, ಅವಳು ಜೆಟ್ಟಿಯ ಕಂಬವನ್ನು ಹಿಡಿದುಕೊಳ್ಳಬೇಕಾಯಿತು.

"ಬರ್ತೀನಿ, ಮಾರೆನ್," ಎಂದ.

ಹೊರಡುವವರೆಲ್ಲ ಆಡುವ ಮಾತು. ಅದಕ್ಕೆ ಎಲ್ಲರೂ ಹೇಳುವ ಉತ್ತರವೂ ಒಂದೇ. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ಬರ್ತೀನಿ ಅನ್ಬೇಡ," ಎಂದಳು.

"ಯಾಕೆ?"

"ಅಂದ್ರೆ ಕಾಯ್ತೀನಿ. ಪ್ರತಿ ಸೆಪ್ಟೆಂಬರಲ್ಲೂ ಹೊಳೆ ಹತ್ರ ನಿಂತ್ಕೊಂಡು ಪೊದೆ ನೋಡ್ತಾ ಇರ್ತೀನಿ. ಹಾಗಾಗ್ಬಾರ್ದು. ನಂಗೂ ಬೇಡ, ಅವನಿಗೂ ಬೇಡ."

"ಮತ್ತೇನನ್ಲಿ?"

"ಹೋಗ್ತೀನಿ ಅನ್ನು. ಹೋದ ಸಲ ಅದನ್ನೂ ಅನ್ಲಿಲ್ಲ ನೀನು."

ಇಂಜಿನ್ ಶುರುವಾಗಿ ನೀರು ಸುತ್ತಲೂ ಚಿಮ್ಮಿತು. ಅವನು ಅವಳ ಕಣ್ಣನ್ನೇ ನೋಡುತ್ತ ಹೇಳಿದ.

"ಹೋಗ್ತೀನಿ ಕಣೇ."

"ಹೋಗು," ಎಂದಳು ಮಾರೆನ್. ಅದರ ಬೆನ್ನಿಗೇ ಬರಬೇಕಿದ್ದ 'ಬಾ' ಎಂಬುದನ್ನು ನುಂಗಿಕೊಂಡಳು.